ಬರೆದದ್ದೊಂದು, ನುಡಿಸುವುದೊಂದು: ಕೂಪೆರಾಂ ಕಾಲದ ಹಾರ್ಪ್ಸಿಕಾರ್ಡ್ ಸಂಗೀತ ಮತ್ತು ಇಂದಿನ ವಾದಕರು

ತಂತಿನಾದ ಬರೆದದ್ದು:

ಹದಿನೆಂಟನೆಯ ಶತಮಾನದ ಫ್ರೆಂಚ್ ಹಾರ್ಪ್ಸಿಕಾರ್ಡ್ (ಕೀಲಿಯನ್ನೊತ್ತಿದರೆ ತಂತಿಯನ್ನು ಮೀಟುವ ವಾದ್ಯ) ಸಂಗೀತವನ್ನು ಕೇಳುವವರು ನಮ್ಮಲ್ಲಿ ಕೆಲವರಾದರೂ ಇದ್ದಾರೆಂಬ ಧೈರ್ಯದಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಫ್ರಾನ್ಸುವಾ ಕೂಪೆರಾಂ (1668–1733) ಈ ವಾದ್ಯಕ್ಕೆಂದು ರಚಿಸಿದ ಇನ್ನೂರಕ್ಕೂ ಹೆಚ್ಚು ಕೃತಿಗಳು 1713ರಿಂದ 1730ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಪ್ಯಾರಿಸ್ಸಿನಲ್ಲಿ ಅಚ್ಚಾದವು. ಅವನ್ನು ಆತ 27 ಗುಚ್ಛಗಳಾಗಿ ಜೋಡಿಸಿ ಒಂದೊಂದನ್ನೂ 'ಓರ್ದ್ರ್' ಎಂದು ಕರೆದ. ಇವುಗಳ ಜೊತೆಗೆ ವಾದನ ಕಲೆಯನ್ನು ಕುರಿತ ಒಂದು ಪುಟ್ಟ ಕೈಪಿಡಿಯನ್ನು 1716ರಲ್ಲಿ ಪ್ರಕಟಿಸಿ, ಮರುವರ್ಷವೇ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದ. ನನ್ನ ಪ್ರಶ್ನೆ ಹುಟ್ಟಿರುವುದು ಈ ಬರಹಗಳಲ್ಲಿ ಆತ ಹೇಳಿರುವ, ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಎರಡು ಮಾತುಗಳಿಂದ.

ಕೈಪಿಡಿಯಲ್ಲಿ ಆತ ಹೇಳುವುದೇನೆಂದರೆ, ಫ್ರೆಂಚರು ಸಂಗೀತವನ್ನು ಬರೆಯುವ ರೀತಿಯೇ ಬೇರೆ, ನುಡಿಸುವ ರೀತಿಯೇ ಬೇರೆ; ಆದ್ದರಿಂದಲೇ ಪರದೇಶದವರ ಸಂಗೀತವನ್ನು ತಾವು ನುಡಿಸುವಷ್ಟು ಚೆನ್ನಾಗಿ ಅವರು ಫ್ರೆಂಚ್ ಸಂಗೀತವನ್ನು ನುಡಿಸಲಾರರು. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಸ್ವರಗಳನ್ನು ಸಮ ಅಳತೆಯಲ್ಲಿ ಬರೆದಿದ್ದರೂ ಅವನ್ನು ಸಮವಾಗಿ ನುಡಿಸುವುದಿಲ್ಲ ಎಂಬ ಉದಾಹರಣೆಯನ್ನೂ ಅಲ್ಲಿಯೇ ಕೊಡುತ್ತಾನೆ. ಇದಾಗಿ ಕೆಲವೇ ವರ್ಷಗಳಲ್ಲಿ, 1722ರ ಮೂರನೆಯ ಸಂಪುಟದ ಮುನ್ನುಡಿಯಲ್ಲಿ, ಅದೇ ಕೂಪೆರಾಂ ಬೇಸರಗೊಂಡ ಮೇಷ್ಟರಂತೆ ಬರೆಯುತ್ತಾನೆ: ಅಲಂಕಾರಗಳ (ಸ್ವರಕ್ಕೆ ಸೇರಿಸುವ ಪುಟ್ಟ ಮೆರುಗುಗಳ) ಚಿಹ್ನೆಗಳನ್ನು ಇಷ್ಟೊಂದು ಶ್ರಮಪಟ್ಟು ಗುರುತಿಸಿ, ಅವುಗಳ ವಿವರಣೆಯನ್ನೂ ಕೊಟ್ಟ ಮೇಲೆ, ಜನ ತಮಗೆ ತೋಚಿದಂತೆ ನುಡಿಸುತ್ತಿದ್ದಾರೆಂದು ಕೇಳಿ ಆಶ್ಚರ್ಯವಾಗುತ್ತದೆ, ಗುರುತಿಸಿದ್ದನ್ನೆಲ್ಲ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ನುಡಿಸಬೇಕು.

ಹಾಗಾದರೆ ಕಾಗದವನ್ನು ನಂಬಬೇಕೋ ಬೇಡವೋ? ನನಗೆ ತೋರುವ ಉತ್ತರ ಹೀಗಿದೆ. ಕೂಪೆರಾಂ ಅಲಂಕಾರದ ವಿಷಯದಲ್ಲಿ ವಾದಕನ ಕೈಯನ್ನು ಕಟ್ಟುತ್ತಾನೆ. ಕಾಲದ, ಅಂದರೆ ಲಯದ, ವಿಷಯದಲ್ಲಿ ಅದೇ ಕೈಯನ್ನು ಬಿಡಿಸುತ್ತಾನೆ. ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಬಲವಾಗಿ ಒತ್ತಿದರೂ ಮೃದುವಾಗಿ ಒತ್ತಿದರೂ ನಾದದ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಈ ಕೊರತೆಯನ್ನು ಆತ ಮೊದಲ ಸಂಪುಟದಲ್ಲೇ ಒಪ್ಪಿಕೊಳ್ಳುತ್ತಾನೆ. ಅದನ್ನು ತುಂಬಲು ಆತ ಸೂಚಿಸಿದ ಉಪಾಯ ನಿಜಕ್ಕೂ ಜಾಣತನದ್ದು: ಬಲಗೈಯ ಸ್ವರವನ್ನು, ಎಡಗೈಯ ಸ್ವರ ಬಿದ್ದ ಮೇಲೆ, ಒಂದು ಕ್ಷಣ ತಡೆದು ಮೀಟುವುದು. ಪಿಟೀಲು ಕುಲದ ವಾದ್ಯಗಳು ಎಲ್ಲಿ ನಾದವನ್ನು ಉಬ್ಬಿಸುತ್ತವೆಯೋ ಅಲ್ಲಿ ಈ ತಡೆಯೇ ಕಿವಿಗೆ ಅಂತಹುದೇ ಪರಿಣಾಮವನ್ನು ತಂದುಕೊಡುತ್ತದೆ ಎಂದು ಆತ ವಿವರಿಸುತ್ತಾನೆ. ಅಂದರೆ ಗಟ್ಟಿಯಾಗಿ ನುಡಿಸಲಾಗದ ಸ್ವರವನ್ನು ತಡವಾಗಿ ನುಡಿಸಿ, ಕೇಳುಗನೇ ಅದಕ್ಕೆ ತೂಕ ಕೊಡುವಂತೆ ಮಾಡುವುದು.

ಇಂದಿನ ಧ್ವನಿಮುದ್ರಣಗಳಲ್ಲಿ ಕೆಲವರು ಪುನರಾವರ್ತನೆಯಲ್ಲಿ ತಮ್ಮದೇ ಹೊಸ ಅಲಂಕಾರಗಳನ್ನು ಧಾರಾಳವಾಗಿ ಸುರಿಯುತ್ತಾರೆ, ಆದರೆ ಕಾಲದಲ್ಲಿ ಗಡಿಯಾರದಂತೆ ಸಾಗುತ್ತಾರೆ. ಕೂಪೆರಾಂ ಕೇಳಿದ್ದಕ್ಕೆ ಇದು ತೀರಾ ತಿರುಗುಮುರುಗು ಎಂಬುದು ನನ್ನ ಅಭಿಪ್ರಾಯ. ತಿಳಿದವರು ಏನೆನ್ನುತ್ತೀರಿ?

ಮೂರನೆಯ ಮೆಟ್ಟಿಲು ಬರೆದದ್ದು:

ತಂತಿನಾದ ಅವರೇ, ನಾನು ವೀಣೆ ಕಲಿತವಳು; ಹಾರ್ಪ್ಸಿಕಾರ್ಡನ್ನು ಧ್ವನಿಮುದ್ರಣಗಳಲ್ಲಿ ಮಾತ್ರ ಕೇಳಿದ್ದೇನೆ. ಬರೆದಂತೆ ನುಡಿಸುವುದಿಲ್ಲ ಎಂಬ ಮಾತು ಕರ್ನಾಟಕ ಸಂಗೀತ ಕಲಿತವರಿಗೆ ಹೊಸದೇನಲ್ಲ. ಪುಸ್ತಕದಲ್ಲಿ 'ಗ' ಎಂದು ಒಂದೇ ಅಕ್ಷರವಿದ್ದರೂ, ತೋಡಿಯಲ್ಲಿ ಅದನ್ನು ಹಾಗೆಯೇ ನಿಲ್ಲಿಸಿ ನುಡಿಸಿದರೆ ಗುರುಗಳು ಪಾಠವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಪ್ರಕಟಿಸಿದ ಸಂಪ್ರದಾಯ ಪ್ರದರ್ಶಿನಿಯಲ್ಲಿ ಪ್ರತಿಯೊಂದು ಗಮಕಕ್ಕೂ (ಸ್ವರದ ಓಲಾಟಕ್ಕೂ) ಚಿಹ್ನೆಯನ್ನು ಕೊಟ್ಟಿದ್ದಾರೆ. ಆದರೂ ಆ ಚಿಹ್ನೆಗಳನ್ನು ಓದಿ ಅರ್ಥಮಾಡಿಕೊಳ್ಳಲು ಪಾಠಾಂತರ (ಗುರುಮುಖದ ಪಾಠ) ಇದ್ದವರಿಗೆ ಸಾಧ್ಯವೇ ಹೊರತು ಬರಿಯ ಪುಸ್ತಕ ಹಿಡಿದವರಿಗಲ್ಲ.

ನನ್ನ ಸಂದೇಹ ಇಲ್ಲಿಯೇ ಇದೆ. ನಮ್ಮಲ್ಲಿ ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಹರಿದುಬಂದ ದಾರಿ ಕಡಿದಿಲ್ಲ. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಅನಂತರ ಹಾರ್ಪ್ಸಿಕಾರ್ಡ್ ಮೂಲೆಗೆ ಸರಿಯಿತೆಂದು ಓದಿದ್ದೇನೆ. ನುಡಿಸುವವರ ಪರಂಪರೆಯೇ ನಿಂತುಹೋದ ಮೇಲೆ, ಬರೆಯದೆ ಬಿಟ್ಟದ್ದು ಏನಿತ್ತೆಂದು ಇಂದಿನವರು ಯಾವ ಆಧಾರದ ಮೇಲೆ ಹೇಳುತ್ತಾರೆ?

ತಂತಿನಾದ ಬರೆದದ್ದು:

ಮೇಡಂ, ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದೀರಿ. ಪರಂಪರೆ ಕಡಿದದ್ದು ನಿಜ. 1795ರಲ್ಲಿ ಸ್ಥಾಪನೆಯಾದ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ ಕೆಲವೇ ವರ್ಷಗಳಲ್ಲಿ ಹಾರ್ಪ್ಸಿಕಾರ್ಡಿನ ಜಾಗಕ್ಕೆ ಪಿಯಾನೋ ಬಂದು ಕುಳಿತಿತು. ಹಾರ್ಪ್ಸಿಕಾರ್ಡ್ ಕೃತಿಗಳ ಕೊನೆಯ ದೊಡ್ಡ ರಚನೆಕಾರರಲ್ಲೊಬ್ಬನಾದ ಜಾಕ್ ದ್ಯುಫ್ಲಿ ತೀರಿಕೊಂಡದ್ದು 1789ರ ಜುಲೈ 15ರಂದು, ಬಾಸ್ತೀಯ್ ಕೋಟೆ ಬಿದ್ದ ಮರುದಿನ. ಹೊಸದಾಗಿ ತಯಾರಾದ ಹಾರ್ಪ್ಸಿಕಾರ್ಡುಗಳು ಮತ್ತೆ ಜನರ ಕಣ್ಣಿಗೆ ಬಿದ್ದದ್ದು ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ. ಅಲ್ಲಿ ಎರಾರ್ ಮತ್ತು ಪ್ಲೆಯೆಲ್ ಎಂಬ ಪಿಯಾನೋ ತಯಾರಕ ಕಂಪನಿಗಳು ತಮ್ಮ ವಾದ್ಯಗಳನ್ನಿಟ್ಟಿದ್ದವು.

ಆಧಾರಗಳು ಮೂರು ಕಡೆಯಿಂದ ಬರುತ್ತವೆ: ಅಂದಿನವರು ಬರೆದ ಬೋಧನ ಗ್ರಂಥಗಳು, ಉಳಿದುಬಂದ ವಾದ್ಯಗಳು, ಮತ್ತು ಯಾಂತ್ರಿಕ ವಾದ್ಯಗಳಿಗಾಗಿ ಬರೆದಿಟ್ಟ ಅಳತೆಗಳು. ಆದರೆ ಗಮಕದೊಂದಿಗಿನ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಬೇಡವೆನಿಸುತ್ತದೆ. ರಾಗದ ಸ್ವರೂಪವೇ ಗಮಕದಲ್ಲಿದೆ. ಅದನ್ನು ತೆಗೆದರೆ ರಾಗವೇ ಇಲ್ಲ. ಕೂಪೆರಾಂನ ಅಲಂಕಾರಗಳನ್ನು ತೆಗೆದರೆ ರಾಗಸಂಯೋಜನೆಯ ಎಲುಬುಗೂಡು ಉಳಿಯುತ್ತದೆ. ಕೃತಿ ಬಡವಾಗುತ್ತದೆಯೇ ಹೊರತು ಗುರುತು ಸಿಗದಂತಾಗುವುದಿಲ್ಲ.

ಹೇಗ್ ನಿವಾಸಿ ಬರೆದದ್ದು:

ನೆದರ್ಲೆಂಡ್ಸ್‌ನಲ್ಲಿ ನೆಲೆಸಿ, ಉದ್ಯೋಗದ ನಡುವೆ ಹವ್ಯಾಸಕ್ಕಾಗಿ ಹಾರ್ಪ್ಸಿಕಾರ್ಡ್ ಕಲಿಯುತ್ತಿರುವವನು ನಾನು. ಪಂಡಿತನಲ್ಲ, ಆದರೆ ಬೆರಳಿನ ಕಡೆಯಿಂದ ಒಂದೆರಡು ಮಾತು ಹೇಳಬಹುದು.

ಮೊದಲಿಗೆ, ಸಮನಾಗಿ ಬರೆದ ಸ್ವರಗಳನ್ನು ದೀರ್ಘ-ಹ್ರಸ್ವವಾಗಿ ನುಡಿಸುವ ಪದ್ಧತಿಯ ಬಗ್ಗೆ. ಇದಕ್ಕೆ ಒಂದು ವ್ಯಾಕರಣವಿದೆ. ಮೂರು ಪೆಟ್ಟಿನ ತಾಳದಲ್ಲಿ, ಪೆಟ್ಟಿನ ಅರ್ಧದಷ್ಟಿರುವ ಸ್ವರಗಳು ಪಕ್ಕದಿಂದ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಸಾಗಿದಾಗ ಜೋಡಿಯ ಮೊದಲನೆಯದು ತುಸು ಉದ್ದ, ಎರಡನೆಯದು ತುಸು ಗಿಡ್ಡವಾಗುತ್ತದೆ. ದೂರದೂರಕ್ಕೆ ಜಿಗಿಯುವ ಸ್ವರಗಳಿಗೆ ಇದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ರಚನೆಕಾರನಿಗೆ ಇದು ಬೇಡವಾದಾಗ ಸಮವಾಗಿ ನುಡಿಸಿ ಎಂದು ಬರೆಯುತ್ತಾನೆ, ಇಲ್ಲವೇ ಸ್ವರಗಳ ಮೇಲೆ ಚುಕ್ಕೆಗಳನ್ನಿಡುತ್ತಾನೆ. ಹೀಗೆ ನಿಷೇಧವನ್ನು ಬರೆದು ತಿಳಿಸಬೇಕಾಗಿ ಬರುತ್ತಿತ್ತೆಂಬುದೇ ಆ ರೂಢಿ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಬಲವಾದ ಸಾಕ್ಷಿ.

ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದು ಜಗಳದ ವಿಷಯ. ಸ್ಯಾಂ-ಲಾಂಬೆರ್ 1702ರಲ್ಲಿ ಪ್ರಕಟಿಸಿದ ಹಾರ್ಪ್ಸಿಕಾರ್ಡ್ ಪಾಠಗ್ರಂಥದಲ್ಲಿ ಇದನ್ನು ಅಭಿರುಚಿಗೆ ಬಿಟ್ಟುಬಿಡುತ್ತಾನೆ. ಅಭಿರುಚಿ ಎಂದರೆ ನಮ್ಮಂತಹ ಕಲಿಕೆಯವರಿಗೆ ಏನೂ ಹೇಳಿದಂತಾಗಲಿಲ್ಲ. ಇದಕ್ಕೆ ಒಬ್ಬ ಪಾದ್ರಿ ನೆರವಿಗೆ ಬರುತ್ತಾನೆ. ಆಂಗ್ರಮೆಲ್ ಎಂಬ ಈತ 1775ರಲ್ಲಿ, ಉರುಳೆಗೆ ಮೊಳೆ ಬಡಿದು ತಾನೇತಾನಾಗಿ ನುಡಿಯುವ ಆರ್ಗನ್‌ಗಳನ್ನು ತಯಾರಿಸುವ ಬಗೆಯನ್ನು ಕುರಿತು ಒಂದು ಗ್ರಂಥ ಬರೆದ. ಯಂತ್ರಕ್ಕೆ ಅಭಿರುಚಿ ಇಲ್ಲವಷ್ಟೆ. ಆದ್ದರಿಂದ ಪ್ರತಿ ಸ್ವರದ ಉದ್ದವನ್ನೂ ಅಳೆದು ಹೇಳುವುದು ಆತನಿಗೆ ಅನಿವಾರ್ಯವಾಯಿತು. ಆತನ ಬಹುಮುಖ್ಯ ಮಾತು ಇದು: ಯಾವ ಸ್ವರವೂ ಪೂರ್ತಿ ನಾದವಲ್ಲ, ಪ್ರತಿಯೊಂದರಲ್ಲೂ ಒಂದಷ್ಟು ಹಿಡಿದ ಭಾಗ, ಅದರ ಬಾಲಕ್ಕೆ ಒಂದಷ್ಟು ಮೌನ. ಉದ್ದ-ಗಿಡ್ಡದ ಪ್ರಮಾಣವೂ ಒಂದೇ ಅಲ್ಲ, ಕೃತಿಯಿಂದ ಕೃತಿಗೆ ಬದಲಾಗುತ್ತದೆ. ಆರ್ಗನ್ ನಿರ್ಮಾಣವನ್ನು ಕುರಿತ ದೋಂ ಬೆದೋಸ್‌ನ ಮಹಾಗ್ರಂಥದ 1778ರ ಭಾಗದಲ್ಲಿ ಬಾಲ್‌ಬಾಸ್ತ್ರ್ ಎಂಬ ವಾದಕನ ಒಂದು ಕೃತಿಯನ್ನು ಈ ವಿಧಾನದಲ್ಲಿ ಬಿಡಿಸಿ ಬರೆಯಲಾಗಿದೆ. ಕೂಪೆರಾಂ ತೀರಿಕೊಂಡ ನಾಲ್ಕು ದಶಕಗಳ ಮೇಲಿನ ದಾಖಲೆಯಿದು ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಧ್ವನಿಮುದ್ರಣವಿಲ್ಲದ ಕಾಲದಲ್ಲಿ ಇದಕ್ಕಿಂತ ಹತ್ತಿರ ನಾವು ಹೋಗಲಾರೆವು.

ಎರಡನೆಯದು, ಕಂಪಿತ, ಅಂದರೆ ಎರಡು ನೆರೆಯ ಸ್ವರಗಳ ನಡುವಿನ ಅಲುಗಾಟ. ಕೂಪೆರಾಂನ ಕಂಪಿತ ಬರೆದ ಸ್ವರದಿಂದ ಆರಂಭವಾಗುವುದಿಲ್ಲ, ಅದರ ಮೇಲಿನ ಸ್ವರದಿಂದ ಆರಂಭವಾಗುತ್ತದೆ. ಮೊದಲು ಆ ಮೇಲಿನ ಸ್ವರದ ಮೇಲೆ ಒಂದು ಊರು, ಅಂದರೆ ಒತ್ತಿ ನಿಲ್ಲುವುದು; ಆಮೇಲೆ ಅಲುಗಾಟ, ಅದೂ ನಿಧಾನವಾಗಿ ಹೊರಟು, ಕೇಳುವವನಿಗೆ ಯಾವಾಗ ವೇಗ ಹೆಚ್ಚಿತೆಂದು ತಿಳಿಯದಂತೆ ಚುರುಕಾಗಬೇಕು; ಕಡೆಗೆ ಬರೆದ ಸ್ವರದ ಮೇಲೆ ಗಕ್ಕನೆ ನಿಲುಗಡೆ. ಓದುವಾಗ ಸುಲಭ. ಮೂರನೆಯ ಓರ್ದ್ರ್‌ನಲ್ಲಿ 'ಲ ಲ್ಯುಗ್ಯೂಬ್ರ್' ಎಂಬ ಶೋಕದ ಸಾರಾಬಾಂದ್ (ನಿಧಾನಗತಿಯ ನೃತ್ಯರಚನೆ) ಒಂದಿದೆ. ಅದನ್ನು ಹಿಡಿದು ಕೂತಾಗ ನನ್ನ ಬೆರಳುಗಳು ಅಲುಗಾಟಕ್ಕೆ ಅವಸರಪಟ್ಟು ಆ ಮೊದಲ ಊರನ್ನು ನುಂಗಿಹಾಕುತ್ತಿದ್ದವು. ನನ್ನ ಗುರುಗಳು ಅಲುಗಾಟವನ್ನೇ ಬಿಟ್ಟು, ಮೇಲಿನ ಸ್ವರವನ್ನೊತ್ತಿ ಬರೆದ ಸ್ವರಕ್ಕೆ ಇಳಿಯುವುದನ್ನಷ್ಟೇ ನುಡಿಸಲು ಹೇಳಿದರು. ಆಗ ಕೇಳಿಸಿತು: ಮೇಲಿನ ಸ್ವರ ಎಡಗೈಯ ಸ್ವರಗಳೊಂದಿಗೆ ಘರ್ಷಿಸುತ್ತದೆ, ಕೆಳಗಿಳಿದಾಗ ಆ ಘರ್ಷಣೆ ಕರಗುತ್ತದೆ. ಕಂಪಿತದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ತಂತಿನಾದ ಅವರು ಎಲುಬುಗೂಡು ಎಂದರಲ್ಲ, ನನ್ನ ಅನುಭವದಲ್ಲಿ ಈ ಅಲಂಕಾರಗಳು ಆ ಎಲುಬುಗೂಡಿನ ಕೀಲುಗಳೇ ಆಗಿವೆ. ಏನನ್ನೂ ಸೇರಿಸಬೇಡಿ, ಬಿಡಬೇಡಿ ಎಂಬ ಮುನ್ನುಡಿಯ ಸಿಟ್ಟಿಗೆ ಇದೇ ಕಾರಣವಿರಬೇಕು.

ಮರದ ಕೆಲಸ ಬರೆದದ್ದು:

ಚರ್ಚೆ ಸ್ವರಲಿಪಿಯಲ್ಲೇ ಸುತ್ತುತ್ತಿದೆ. ವಾದ್ಯದ ಕಡೆಗೂ ಸ್ವಲ್ಪ ನೋಡೋಣ.

ಹಾರ್ಪ್ಸಿಕಾರ್ಡಿನ ಒಳಗೆ ಪ್ರತಿ ಕೀಲಿಯ ತುದಿಯ ಮೇಲೂ ಜ್ಯಾಕ್ ಎಂಬ ಒಂದು ತೆಳ್ಳನೆಯ ಮರದ ಪಟ್ಟಿ ನಿಂತಿರುತ್ತದೆ. ಅದರ ತಲೆಯ ಬಳಿ ಅಲುಗಾಡುವ ಒಂದು ನಾಲಿಗೆ, ಆ ನಾಲಿಗೆಗೆ ಚುಚ್ಚಿದ ಒಂದು ಗರಿಯ ತುಂಡು. ಕೀಲಿಯನ್ನೊತ್ತಿದಾಗ ಪಟ್ಟಿ ಮೇಲೇರಿ ಗರಿ ತಂತಿಯನ್ನು ಮೀಟುತ್ತದೆ; ಕೀಲಿಯನ್ನು ಬಿಟ್ಟಾಗ ನಾಲಿಗೆ ಹಿಂದಕ್ಕೆ ಬಾಗಿ ಗರಿ ಮತ್ತೆ ಮೀಟದೆ ಜಾರಿಕೊಂಡು ಕೆಳಗಿಳಿಯುತ್ತದೆ, ಪಟ್ಟಿಯ ತಲೆಯಲ್ಲಿರುವ ಬಟ್ಟೆಯ ಚೂರು ತಂತಿಯ ಮೇಲೆ ಕುಳಿತು ನಾದವನ್ನು ನಿಲ್ಲಿಸುತ್ತದೆ. ಗರಿ ತಂತಿಗೆ ತಾಗಿದ ಕ್ಷಣಕ್ಕೂ ಅದನ್ನು ಬಿಟ್ಟ ಕ್ಷಣಕ್ಕೂ ನಡುವೆ ಇರುವ ಪ್ರತಿರೋಧ ಬೆರಳ ತುದಿಗೆ ಗೊತ್ತಾಗುತ್ತದೆ. ಹೇಗ್ ನಿವಾಸಿಗಳು ಹೇಳಿದ ಊರು, ನಿಲುಗಡೆ, ಮೌನ ಎಲ್ಲವೂ ಈ ಕೂದಲೆಳೆಯಷ್ಟು ಜಾಗದಲ್ಲಿ ನಡೆಯುವ ವ್ಯವಹಾರ. ಕೂಪೆರಾಂ ಮಕ್ಕಳಿಗೆ ಮೃದುವಾದ ಗರಿಯ ವಾದ್ಯವನ್ನೇ ಕೊಡಬೇಕೆಂದು ಒತ್ತಿ ಹೇಳಿದ್ದು, ಸೊಗಸಾದ ವಾದನವು ಬೆರಳಿನ ಬಲಕ್ಕಿಂತ ಅದರ ಮೆದುತನವನ್ನು ಅವಲಂಬಿಸಿದೆ ಎಂಬ ಕಾರಣಕ್ಕೆ.

ಆಗ ಬಳಸುತ್ತಿದ್ದದ್ದು ಕಾಗೆ ಜಾತಿಯ ಹಕ್ಕಿಗಳ ಗರಿ. ಇಂದು ಬಹುಪಾಲು ವಾದ್ಯಗಳಲ್ಲಿ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಇದೆ. ಅದು ಬೇಗ ಸವೆಯುವುದಿಲ್ಲ, ಎಲ್ಲ ಕೀಲಿಗಳಿಗೂ ಒಂದೇ ಸಮನಾಗಿರುತ್ತದೆ. ಗರಿಗೆ ಆಗಾಗ ಎಣ್ಣೆ ಸವರಬೇಕು, ಸೀಳಿದರೆ ಬದಲಿಸಬೇಕು. ಡೆಲ್ರಿನ್ ಮುರಿಯುವಾಗ ಯಾವ ಸೂಚನೆಯನ್ನೂ ಕೊಡದೆ ಕಛೇರಿಯ ನಡುವೆಯೇ ಪಟ್ಟನೆ ಮುರಿಯುತ್ತದೆಂಬುದು ಬೇರೆ ಮಾತು. ನಾದದಲ್ಲಿ ವ್ಯತ್ಯಾಸ ಕೇಳಿಸುತ್ತದೆಯೇ ಎಂದರೆ, ಸಭಾಂಗಣದ ಹಿಂದಿನ ಸಾಲಿನಲ್ಲಿ ಅನುಮಾನ; ನುಡಿಸುವವರ ಕೈಗೆ ಖಂಡಿತ.

ಇನ್ನು ಯಾವ ವಾದ್ಯ ಎಂಬ ಪ್ರಶ್ನೆ. ಇಂದು ಫ್ರೆಂಚ್ ಮಾದರಿ ಎಂದು ಕರೆಸಿಕೊಳ್ಳುವ ವಾದ್ಯಗಳಲ್ಲಿ ಬಹಳಷ್ಟಕ್ಕೆ ಮೂಲ ಪಾಸ್ಕಾಲ್ ತಾಸ್ಕಾಂ 1769ರಲ್ಲಿ ಮಾಡಿದ, ಈಗ ಎಡಿನ್‌ಬರೋದಲ್ಲಿರುವ ಒಂದು ಹಾರ್ಪ್ಸಿಕಾರ್ಡ್. ಎರಡು ಕೀಲಿಮಣೆ, ಐದು ಸ್ಥಾಯಿ, 61 ಕೀಲಿ, ಮೂರು ತಂಡ ತಂತಿಗಳು. ಅತ್ಯಂತ ಸುಂದರವಾದ ನಾದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತಯಾರಾಗುವ ವೇಳೆಗೆ ಕೂಪೆರಾಂ ಸತ್ತು 36 ವರ್ಷಗಳಾಗಿದ್ದವು. ಅದರ ಮೇಲ್ತುದಿಯ ಕೀಲಿಗಳು ಆತನ ಕೃತಿಗಳಿಗೆ ಬೇಕಾಗುವುದೇ ಇಲ್ಲ. ಕೂಪೆರಾಂನ ಕಾಲದ ಪ್ಯಾರಿಸ್ಸಿನಲ್ಲಿ ಬಹಳ ಬೆಲೆ ಬಾಳುತ್ತಿದ್ದವು ಆಂಟ್‌ವರ್ಪ್ ನಗರದ ರುಕರ್ಸ್ ಮನೆತನದವರು ಹದಿನೇಳನೆಯ ಶತಮಾನದಲ್ಲಿ ಮಾಡಿದ ಹಳೆಯ ವಾದ್ಯಗಳು. ಬ್ಲಾಂಶೆ ಮುಂತಾದ ಪ್ಯಾರಿಸ್ ಕುಶಲಕರ್ಮಿಗಳು ಆ ವಾದ್ಯಗಳ ಹೊಟ್ಟೆಯನ್ನು ಅಗಲಿಸಿ, ಕೀಲಿಗಳನ್ನು ಹೆಚ್ಚಿಸಿ, ನಾದಫಲಕವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡು ಹೊಸ ರೂಪ ಕೊಡುತ್ತಿದ್ದರು. ಆಂಡ್ರಿಯಾಸ್ ರುಕರ್ಸ್ 1646ರಲ್ಲಿ ಮಾಡಿ, ತಾಸ್ಕಾಂ 1780ರಲ್ಲಿ ಮಾರ್ಪಡಿಸಿದ ಒಂದು ವಾದ್ಯ ಪ್ಯಾರಿಸ್ಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಆ ಹೆಸರಿನ ಆಸೆಗೆ ನಕಲಿ ವಾದ್ಯಗಳೂ ಹುಟ್ಟಿಕೊಂಡವೆಂಬುದನ್ನು ಬೇರೆ ಹೇಳಬೇಕಿಲ್ಲ.

ಶ್ರುತಿಯ ವಿಚಾರವೂ ಇದೆ. ಇಂದು ಬರೋಕ್ ಎಂದು ಕರೆಯುವ ಆ ಕಾಲದ ಸಂಗೀತಕ್ಕೆ ಶ್ರುತಿ ಹೊಂದಿಸುವ 'ಎ' ಸ್ವರವನ್ನು ಸಾಮಾನ್ಯವಾಗಿ 415 ಹರ್ಟ್ಸ್, ಫ್ರೆಂಚ್ ಕೃತಿಗಳಿಗೆಂದು ಇನ್ನೂ ಕೆಳಗೆ 392 ಹರ್ಟ್ಸ್ ಇಟ್ಟುಕೊಳ್ಳುತ್ತಾರೆ. ಎರಡೂ ಅನುಕೂಲಕ್ಕಾಗಿ ಮಾಡಿಕೊಂಡ ಅಂಕಿಗಳು. ಇಂದಿನ 440ಕ್ಕಿಂತ ಸರಿಯಾಗಿ ಅರ್ಧ ಮತ್ತು ಒಂದು ಸ್ವರ ಕೆಳಗೆ ಬರುವುದರಿಂದ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಶ್ರುತಿಗಿಂತ ಮುಖ್ಯವಾದದ್ದು ಸ್ವರಗಳ ನಡುವಿನ ಅಂತರವನ್ನು ಹಂಚುವ ಕ್ರಮ. ಅಂದಿನ ಫ್ರೆಂಚ್ ರೂಢಿಯಲ್ಲಿ ಕೆಲವು ಸ್ವರಶ್ರೇಣಿಗಳು ಸಿಹಿಯಾಗಿಯೂ ಕೆಲವು ಕಟುವಾಗಿಯೂ ಕೇಳುತ್ತಿದ್ದವು. ಕೂಪೆರಾಂನ 26ನೆಯ ಓರ್ದ್ರ್ ಎಫ್ ಶಾರ್ಪ್ ಮೈನರ್‌ನಲ್ಲಿದೆ. ಅದರ ಮೊದಲ ಕೃತಿಯ ಹೆಸರೇ 'ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವಳು'. ತನ್ನ ಆರೋಗ್ಯ ದಿನೇ ದಿನೇ ಕುಂದುತ್ತಿದೆಯೆಂದು ಆ ಸಂಪುಟದ ಮುನ್ನುಡಿಯಲ್ಲೇ ಆತ ಬರೆದುಕೊಂಡಿದ್ದಾನೆ. ಎಲ್ಲ ಅಂತರಗಳನ್ನೂ ಒಂದೇ ಅಳತೆಯಲ್ಲಿಡುವ ಇಂದಿನ ಸಮಹಂಚಿಕೆಯಲ್ಲಿ ಆ ಕೃತಿ ಕೇವಲ ವಿಷಾದದ್ದು. ಹಳೆಯ ಹಂಚಿಕೆಯಲ್ಲಿ ಅದಕ್ಕೊಂದು ನೋವಿನ ಅಂಚು ಬರುತ್ತದೆ.

ಕಪ್ಪುಬಿಳುಪು ಬರೆದದ್ದು:

ಗರಿ, ಮರ, ಹರ್ಟ್ಸ್ ಎಲ್ಲವನ್ನೂ ಓದಿದೆ, ಸಂತೋಷ. ಆದರೆ ಇಷ್ಟೆಲ್ಲ ಇದ್ದರೇನೇ ಕೂಪೆರಾಂ ಎಂಬ ಭಾವನೆಯನ್ನು ನಾನು ಒಪ್ಪಲಾರೆ. ನಾನು ಈ ಸಂಗೀತಕ್ಕೆ ಬಂದದ್ದು ಪಿಯಾನೋದ ಮೂಲಕ. ಮಾರ್ಸೆಲ್ ಮೆಯೆರ್ (1897–1958) ಪಿಯಾನೋದಲ್ಲಿ ನುಡಿಸಿದ, ಆ ಕಾಲದ ಇನ್ನೊಬ್ಬ ಫ್ರೆಂಚ್ ರಚನೆಕಾರ ರಾಮೋನನ್ನೂ ಕೂಪೆರಾಂನನ್ನೂ ಕೇಳಿ. ಅಲೆಕ್ಸಾಂದ್ರ್ ತಾರೋ ಅವರು 2007ರಲ್ಲಿ ಹೊರತಂದ ಕೂಪೆರಾಂ ಕೃತಿಗಳನ್ನು ಕೇಳಿ. ಗ್ರಿಗೋರಿ ಸೊಕೊಲೋವ್ ರಾಮೋನ ಅಲಂಕಾರಗಳನ್ನು ಪಿಯಾನೋದಲ್ಲಿ ಹೇಗೆ ಸೂಜಿಮೊನೆಯಷ್ಟು ಚೂಪಾಗಿ ನುಡಿಸುತ್ತಾರೆಂದು ಕೇಳಿ. ಯಾವ ಹಾರ್ಪ್ಸಿಕಾರ್ಡ್ ವಾದಕರಿಗೂ ಇವರು ಕಡಿಮೆಯಲ್ಲ.

ಮೇಲಾಗಿ ಕೂಪೆರಾಂ ಇಲ್ಲಿನ ಕೆಲವರಷ್ಟು ಮಡಿವಂತನಾಗಿರಲಿಲ್ಲ. 14ನೆಯ ಓರ್ದ್ರ್‌ನ 'ಪ್ರೇಮದಲ್ಲಿರುವ ನೈಟಿಂಗೇಲ್ ಹಕ್ಕಿ' ಎಂಬ ಕೃತಿಯನ್ನು ಕೊಳಲಿನಲ್ಲಿ ನುಡಿಸಿದರೆ ಬಹಳ ಚೆನ್ನಾಗಿರುತ್ತದೆಂದು ಆತನೇ ಬರೆದ. ಎರಡು ಕೀಲಿಮಣೆಗಳ ಮೇಲೆ ಕೈಗಳು ಒಂದರ ಮೇಲೊಂದು ಬರುವ 'ತಿಕ್-ತೋಕ್-ಶೋಕ್' ಮಾದರಿಯ ಕೃತಿಗಳನ್ನು ಎರಡು ಕೊಳಲು, ಎರಡು ಪಿಟೀಲುಗಳಿಗೂ ಹೊಂದಿಸಿಕೊಳ್ಳಬಹುದೆಂದ. ಒಂದೇ ಕೀಲಿಮಣೆ ಇರುವವರು ಒಂದು ಕೈಯನ್ನು ಒಂದು ಸ್ಥಾಯಿಯಷ್ಟು ಸರಿಸಿಕೊಳ್ಳಲೆಂದ. ಫೋರ್ಕೆರೆ ಎಂಬ ರಚನೆಕಾರನ ವಿಯೋಲ್ (ಕಮಾನಿನಿಂದ ನುಡಿಸುವ ತಂತಿವಾದ್ಯ) ಕೃತಿಗಳನ್ನು ಆತನ ಮಗನೇ 1747ರಲ್ಲಿ ಹಾರ್ಪ್ಸಿಕಾರ್ಡಿಗೆ ಅಳವಡಿಸಿ ಅಚ್ಚು ಹಾಕಿಸಲಿಲ್ಲವೇ? ವಾದ್ಯದಿಂದ ವಾದ್ಯಕ್ಕೆ ದಾಟುವುದು ಅವರಿಗೆ ಸಹಜವಾಗಿತ್ತು. ಪಿಯಾನೋಗೆ ಮಾತ್ರ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಹೇಗ್ ನಿವಾಸಿ ಬರೆದದ್ದು:

ಕಪ್ಪುಬಿಳುಪು ಅವರೇ, ಬಾಗಿಲು ಮುಚ್ಚಿದವರು ಯಾರೂ ಇಲ್ಲ. ಫ್ರೆಂಚ್ ಲೇಖಕ ವೋಲ್ತೇರ್ 1774ರ ಒಂದು ಪತ್ರದಲ್ಲಿ ಹಾರ್ಪ್ಸಿಕಾರ್ಡಿನ ಮುಂದೆ ಪಿಯಾನೋ ಪಾತ್ರೆ ಬಡಿಯುವವನ ವಾದ್ಯವೆಂದು ಹೀಯಾಳಿಸಿದ್ದ. ನಾನು ಅಷ್ಟು ದೂರ ಹೋಗಲಾರೆ, ತಾಸ್ಕಾಂನೇ ಮುಂದೆ ಪಿಯಾನೋಗಳನ್ನೂ ಮಾಡಿದ. ಕೊಳಲಿನ ಉದಾಹರಣೆ ನಿಮ್ಮ ಪರವಾಗಿ ನಿಲ್ಲುತ್ತದೆಂದು ಒಪ್ಪುತ್ತೇನೆ. ಆದರೆ ಆತ ಕೊಳಲಿಗೆ ಬಿಟ್ಟುಕೊಟ್ಟದ್ದು ಒಂದೆಳೆಯ ರಾಗವನ್ನು, ಪಿಟೀಲುಗಳಿಗೆ ಬಿಟ್ಟುಕೊಟ್ಟದ್ದು ಬೇರ್ಪಡಿಸಬಹುದಾದ ಎರಡು ಎಳೆಗಳನ್ನು. ಎಲ್ಲ ಕೃತಿಗಳಿಗೂ ಈ ಅನುಮತಿ ಇಲ್ಲ.

ಆರನೆಯ ಓರ್ದ್ರ್‌ನ 'ನಿಗೂಢ ತಡೆಗೋಡೆಗಳು' ಎಂಬ ಹೆಸರಿನ ಪ್ರಸಿದ್ಧ ಕೃತಿಯನ್ನೇ ನೋಡಿ. ಇಡೀ ರಚನೆ ವಾದ್ಯದ ಮಧ್ಯ ಮತ್ತು ಕೆಳ ಸ್ಥಾಯಿಯನ್ನು ಬಿಟ್ಟು ಮೇಲೇರುವುದಿಲ್ಲ. ನಾಲ್ಕು ಎಳೆಗಳಿವೆ, ಅವು ಒಟ್ಟಿಗೆ ಬೀಳುವುದು ಅಪರೂಪ, ಒಂದು ಮುಗಿಯುವ ಮುನ್ನ ಇನ್ನೊಂದು ಬಂದು ಸೇರುತ್ತದೆ. ಹಿಂದಿನ ಶತಮಾನದ ಲ್ಯೂಟ್ (ಬೆರಳಿನಿಂದ ಮೀಟುವ ತಂತಿವಾದ್ಯ) ವಾದಕರಿಂದ ಬಂದ ಶೈಲಿಯಿದು. ಪ್ರತಿ ಬೆರಳೂ ತನ್ನ ಕೀಲಿಯನ್ನು ಬರೆದಷ್ಟು ಹೊತ್ತು ಹಿಡಿದಿರಬೇಕು. ನಾದ ತುಂಬಿ ನಿಲ್ಲುವುದು ಆ ಹಿಡಿತದಿಂದಲೇ. ಹಾರ್ಪ್ಸಿಕಾರ್ಡಿನ ಕೆಳ ತಂತಿಗಳಲ್ಲಿ ಪ್ರತಿ ಮೀಟಿನ ಮೊನೆ ಸ್ಪಷ್ಟವಾಗಿ ಕೇಳುವುದರಿಂದ ನಾಲ್ಕು ಎಳೆಗಳೂ ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತವೆ. ಪಿಯಾನೋದ ಕೆಳ ಸ್ಥಾಯಿಯಲ್ಲಿ ಅದೇ ಸ್ವರಗಳು ಮಂಜುಮಂಜಾಗುತ್ತವೆ; ಅದನ್ನು ತಪ್ಪಿಸಲು ವಾದಕರು ಒಂದು ಎಳೆಯನ್ನು ಮುಂದೆ ತಂದು ಉಳಿದವನ್ನು ಹಿನ್ನೆಲೆಗೆ ತಳ್ಳುತ್ತಾರೆ. ಆಗ ಅಲ್ಲಿ ರಾಗವೊಂದು, ಪಕ್ಕವಾದ್ಯವೊಂದು ಹುಟ್ಟಿಕೊಳ್ಳುತ್ತದೆ. ಮೂಲದಲ್ಲಿ ಮುಂದು-ಹಿಂದು ಎಂಬುದೇ ಇಲ್ಲ. ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಬೇರೊಂದು ಕೃತಿ.

ತಂತಿನಾದ ಅವರು ಮೊದಲಿಗೆ ಹೇಳಿದ ತಡೆಯ ವಿಚಾರವನ್ನೂ ಇಲ್ಲಿಯೇ ಸೇರಿಸುತ್ತೇನೆ. ಪಿಯಾನೋದಲ್ಲಿ ಸ್ವರಕ್ಕೆ ತೂಕ ಕೊಡಲು ಗಟ್ಟಿಯಾಗಿ ಒತ್ತಿದರೆ ಸಾಕು, ತಡೆಯಬೇಕಾದ ಅಗತ್ಯವೇ ಇಲ್ಲ. ತಡೆಯನ್ನೂ ಉಳಿಸಿಕೊಂಡು ಗಟ್ಟಿಯಾಗಿಯೂ ನುಡಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ. ಮೆಯೆರ್ ಅವರ ವಾದನ ನನಗೂ ಇಷ್ಟ, ಏಕೆಂದರೆ ಅವರು ಈ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಮರದ ಕೆಲಸ ಬರೆದದ್ದು:

ಪಿಯಾನೋವನ್ನು ದೂರುವ ಮೊದಲು ಇನ್ನೊಂದು ವಿಷಯ ನೆನಪಿರಲಿ. ಹಾರ್ಪ್ಸಿಕಾರ್ಡ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಕೂಪೆರಾಂನ ವಾದ್ಯವಾಗುವುದಿಲ್ಲ. ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೋವ್ಸ್ಕಾ ಅವರಿಗಾಗಿ ಪ್ಲೆಯೆಲ್ ಕಂಪನಿ 1912ರಲ್ಲಿ ತಯಾರಿಸಿದ ದೊಡ್ಡ ವಾದ್ಯಕ್ಕೆ ಪೆಡಲುಗಳಿದ್ದವು, ಒಂದು ಸ್ಥಾಯಿ ಕೆಳಗೆ ನುಡಿಯುವ ಹೆಚ್ಚುವರಿ ತಂತಿಗಳ ತಂಡವಿತ್ತು, ಒಳಗಿನ ಕಟ್ಟಡವೂ ಪಿಯಾನೋದಷ್ಟೇ ಭಾರವಾಗಿತ್ತು. ಅವರ ಪ್ರತಿಭೆಯೇ ಈ ಸಂಗೀತವನ್ನು ಇಪ್ಪತ್ತನೆಯ ಶತಮಾನಕ್ಕೆ ದಾಟಿಸಿತು, ಆದರೆ ಆ ವಾದ್ಯದ ಬೆರಳ ಪ್ರತಿರೋಧ ತಾಸ್ಕಾಂನದ್ದಲ್ಲ. ಫ್ರಾಂಕ್ ಹಬ್ಬರ್ಡ್ ಮತ್ತು ವಿಲಿಯಂ ಡೌಡ್ 1949ರಲ್ಲಿ ಬಾಸ್ಟನ್ನಿನಲ್ಲಿ ಕಾರ್ಯಾಗಾರ ತೆರೆದು, ಹಳೆಯ ವಾದ್ಯಗಳನ್ನು ಅಳೆದು ಅವುಗಳಂತೆಯೇ ಮಾಡತೊಡಗಿದ ಮೇಲೆಯೇ ಪರಿಸ್ಥಿತಿ ನಿಜವಾಗಿ ಬದಲಾದದ್ದು. ಪ್ಲೆಯೆಲ್‌ನ ಧ್ವನಿಮುದ್ರಣಕ್ಕೂ ಒಳ್ಳೆಯ ಪಿಯಾನೋ ಧ್ವನಿಮುದ್ರಣಕ್ಕೂ ನಡುವೆ ಆರಿಸಬೇಕಾದರೆ, ಕೆಲವು ಸಂಜೆ ನಾನೂ ಕಪ್ಪುಬಿಳುಪು ಅವರ ಪಕ್ಷಕ್ಕೆ ಸೇರುತ್ತೇನೆ.

ಹೊಸ ಕೇಳುಗ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಈ ಚರ್ಚೆಯನ್ನು ಓದಿ ಆಸಕ್ತಿ ಹುಟ್ಟಿದೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. ಎಲ್ಲರೂ ಕೂಪೆರಾಂ ಒಬ್ಬನ ಬಗ್ಗೆಯೇ ಹೇಳುತ್ತಿದ್ದೀರಿ. ಉಳಿದವರಿಗೂ ಇದೇ ಕಟ್ಟುನಿಟ್ಟು ಅನ್ವಯಿಸುತ್ತದೆಯೇ?

ತಂತಿನಾದ ಬರೆದದ್ದು:

ಅನ್ವಯಿಸುವುದಿಲ್ಲ. ನನ್ನ ಮೊದಲ ಬರಹ ಕೂಪೆರಾಂಗಷ್ಟೇ ಸೀಮಿತವಾಗಿತ್ತು. ಜಾನ್-ಫಿಲಿಪ್ ರಾಮೋ (1683–1764) ಬೇರೆಯೇ ಜಾತಿಯ ಮನುಷ್ಯ. 1724ರ ಸಂಪುಟಕ್ಕೆ ಆತ ಬರೆದ ಪೀಠಿಕೆಯ ವಿಷಯ ಬೆರಳುಗಳ ಯಾಂತ್ರಿಕತೆ: ಬೆರಳು ತನ್ನ ಬುಡದಿಂದ ಚಲಿಸಬೇಕು, ಕೀಲಿಯ ಮೇಲೆ ಬೀಳಬೇಕೇ ಹೊರತು ಹೊಡೆಯಬಾರದು. ಆ ಸಂಪುಟದ 'ಒಕ್ಕಣ್ಣ ರಾಕ್ಷಸರು' ಎಂಬ ಕೃತಿಯಲ್ಲಿ ಕೈಗಳು ಒಂದನ್ನೊಂದು ದಾಟಿ ಉರುಳುವ ರೀತಿ ಆರ್ಕೆಸ್ಟ್ರಾದ ಗದ್ದಲವನ್ನೇ ಕೀಲಿಮಣೆಗೆ ತರುತ್ತದೆ. ಲೂಯಿಸಿಯಾನದಿಂದ ಬಂದ ಇಬ್ಬರು ಮೂಲನಿವಾಸಿಗಳು 1725ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಕುಣಿದದ್ದರಿಂದ ಪ್ರೇರಿತವಾದ 'ಲೆ ಸೋವಾಜ್' ಎಂಬ ಕೃತಿಯನ್ನು ಆತ ಮುಂದೆ ತನ್ನ ಒಪೇರಾ ಒಂದಕ್ಕೂ ಹೊಂದಿಸಿಕೊಂಡ. ಅಂತರ ಹಂಚಿಕೆಯ ವಿಷಯದಲ್ಲಿ ಮರದ ಕೆಲಸ ಅವರು ಹೇಳಿದ ಹಳೆಯ ರೂಢಿಯನ್ನು 1726ರಲ್ಲಿ ಸಮರ್ಥಿಸಿದ ಇದೇ ರಾಮೋ, 1737ರ ಹೊತ್ತಿಗೆ ಸಮಹಂಚಿಕೆಯ ಪಕ್ಷಕ್ಕೆ ಬಂದಿದ್ದ. ಹೀಗಾಗಿ ಅಧಿಕೃತ ಹಂಚಿಕೆಯಲ್ಲಿ ರಾಮೋ ಎಂದು ಯಾರಾದರೂ ಜಾಹೀರಾತು ಮಾಡಿದರೆ, ಯಾವ ವರ್ಷದ ರಾಮೋ ಎಂದು ಕೇಳುವುದು ಒಳ್ಳೆಯದು.

ಪಾಂಕ್ರಾಸ್ ರುವಾಯೆ ಇನ್ನೂ ಆಚೆ ಹೋಗುತ್ತಾನೆ. ತನ್ನ ಕೃತಿಗಳು ಒಂದೇ ರಚನೆಯೊಳಗೆ ಕೋಮಲದಿಂದ ಚುರುಕಿಗೆ, ಸರಳದಿಂದ ಮಹಾಗದ್ದಲಕ್ಕೆ ಜಿಗಿಯುತ್ತವೆಂದು 1746ರ ಸಂಪುಟದಲ್ಲಿ ಆತನೇ ಹೇಳಿಕೊಂಡಿದ್ದಾನೆ. 'ವೆರ್ತಿಗೊ' ಎಂಬ ಕೃತಿಯಲ್ಲಿ ಅದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಬಡಿಯುವ ಭಾಗವನ್ನು ಕೂಪೆರಾಂ ಕೇಳಿದ್ದರೆ ಕೋಣೆಯಿಂದ ಎದ್ದುಹೋಗುತ್ತಿದ್ದನೇನೋ. ಇಂತಹ ಕೃತಿಗಳಿಗೆ ತುಸು ಅತಿಯಾದ ವಾದಕರೇ ಬೇಕು. ಜಾನ್ ರೋಂದೊ ಅವರ, 2016ರಲ್ಲಿ ಹೊರಬಂದ ಧ್ವನಿಮುದ್ರಣ ನನಗೆ ಹಿಡಿಸಿದ್ದು ಅದಕ್ಕಾಗಿಯೇ. ಇದೇ ಅತಿಯನ್ನು ಕೂಪೆರಾಂ ಮೇಲೆ ಪ್ರಯೋಗಿಸಿದರೆ ಮಾತ್ರ ನನ್ನ ತಕರಾರು.

ಕೂಪೆರಾಂಗೆ ಸ್ಕಾಟ್ ರಾಸ್ (1951–1989) ಅಥವಾ ಕ್ರಿಸ್ಟೋಫ್ ರೂಸೆ ಅವರ ಸಮಗ್ರ ಧ್ವನಿಮುದ್ರಣಗಳಲ್ಲಿ ಯಾವುದನ್ನಾದರೂ ಹಿಡಿಯಿರಿ, ಆದರೆ ಮೊದಲನೆಯ ಓರ್ದ್ರ್‌ನಿಂದ ಕ್ರಮವಾಗಿ ಕೇಳಲು ಹೋಗಬೇಡಿ. ಅದು ಬಹಳ ಉದ್ದ, ಹೊಸಬರಿಗೆ ದಣಿವಾಗುತ್ತದೆ. ಆರನೆಯದನ್ನೋ ಎಂಟನೆಯದನ್ನೋ ಆರಿಸಿಕೊಳ್ಳಿ. ಎಂಟನೆಯದರಲ್ಲಿ ಬಿ ಮೈನರ್‌ನ ಪಾಸಕಾಯ್ (ಪಲ್ಲವಿ ಮತ್ತೆ ಮತ್ತೆ ಮರಳುವ ರಚನೆ) ಒಂದಿದೆ. ಆತ ಬರೆದುದರಲ್ಲೆಲ್ಲ ಅತಿ ಗಂಭೀರವಾದದ್ದು ಅದೇ ಎಂದು ನನ್ನ ನಂಬಿಕೆ. ಕೇಳುವಾಗ 1713ರ ಸಂಪುಟದ ಅಲಂಕಾರಗಳ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಮೂಲ ಮುದ್ರಣದ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಫ್ರೆಂಚ್ ಬಾರದಿದ್ದರೂ ಚಿಹ್ನೆ ಮತ್ತು ಅದರ ಬಿಡಿಸಿದ ರೂಪ ಅಕ್ಕಪಕ್ಕದಲ್ಲೇ ಇರುವುದರಿಂದ ತೊಡಕಾಗದು. ಅದೇ ಪಾಸಕಾಯ್‌ನ ಎರಡು ಬೇರೆ ಬೇರೆ ವಾದನಗಳನ್ನು ಬೆನ್ನುಬೆನ್ನಿಗೆ ಕೇಳಿ, ಪಲ್ಲವಿ ಮರಳಿ ಬಂದಾಗಲೆಲ್ಲ ವಾದಕರು ಅದನ್ನು ಎಷ್ಟು ತಡೆದು ಹಿಡಿಯುತ್ತಾರೆಂದು ಗಮನಿಸಿ ಇಲ್ಲಿ ಬರೆಯಿರಿ. ಹೇಗ್ ನಿವಾಸಿಗಳು ಅದನ್ನು ಕೀಲಿಮಣೆಯ ಮುಂದೆ ಕೂತು ಪರೀಕ್ಷಿಸಿ ನೋಡಲು ಒಪ್ಪಿದರೆ ಚರ್ಚೆ ಅಲ್ಲಿಂದ ಮುಂದುವರಿಯಲಿ.